ಕೌದಿ ಬಿಚ್ಚಿದ ತರಗತಿ

ಯಲ್ಲಾಪುರದ ಬಸ್ಸು ನಿಮ್ಮನ್ನು ಕಾಡಂಚಿನ ತಿರುವಿನಲ್ಲಿ ಇಳಿಸಿ ಹೋಗಿದೆ. ಅಡಿಕೆ ತೋಟ ದಾಟಿ ಕೆಮ್ಮಣ್ಣಿನ ದಾರಿ ಹತ್ತಿದರೆ ಹೆಂಚಿನ ಶಾಲೆ. ಐದನೆಯ ತರಗತಿಯ ಹಿಂಗೋಡೆಗೆ ಒರಗಿ ಕೂತುಕೊಳ್ಳಿ. ಹವ್ಯಕರ, ಕುಣಬಿಗಳ, ಗೌಳಿಗಳ, ಸಿದ್ದಿಗಳ ಮಕ್ಕಳೆಲ್ಲ ಒಂದೇ ಜಮಖಾನೆಯ ಮೇಲಿದ್ದಾರೆ.

ಮುಂದೆ ಕೂತ ಹುಡುಗನೊಬ್ಬ ಪಕ್ಕದ ಸಿದ್ದಿ ಹುಡುಗಿಯ ಗುಂಗುರು ಕೂದಲು ಎಳೆದು ಬಿಡುತ್ತಾನೆ. "ಸ್ಪ್ರಿಂಗ್!" ಎಲ್ಲರೂ ನಗುತ್ತಾರೆ. "ನೀ ಆಫ್ರಿಕಾದೋಳು."

"ನಾ ಇಲ್ಲೇ ಹುಟ್ಟಿದ್ದು."

ಪಾಠ ಹೇಳುವ ಅಕ್ಕೋರು ಈಗ ಗದರುತ್ತಾರೆ ಅಂದುಕೊಳ್ಳುತ್ತೀರಿ. ಗದರಿದರೆ ಕೈ ಹಿಂದೆ ಸರಿಯುತ್ತದೆ, ಮಾತು ಆಟದ ಬಯಲಿಗೆ ಹೋಗುತ್ತದೆ, ಅಷ್ಟೆ. ಅವರು ಭೂಪಟ ತೂಗುಹಾಕುತ್ತಾರೆ. ಕೋಲು ಪೂರ್ವ ಆಫ್ರಿಕಾದ ಕರಾವಳಿಯಿಂದ ಹೊರಟು, ಅರಬ್ಬಿ ಸಮುದ್ರ ದಾಟಿ, ಗೋವಾದಲ್ಲಿ ನಿಲ್ಲುತ್ತದೆ.

"ಇವಳ ಹಿರಿಯರನ್ನ ಪೋರ್ಚುಗೀಸರು ಹಡಗಿಗೆ ತುಂಬಿ ತಂದ್ರು. ಗುಲಾಮರು ಅಂತ ಮಾರಿದ್ರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ರು."

"ನಮ್ಮ ಕಾಡಿಗಾ?"

"ನಮ್ಮ ಕಾಡಿಗೇ."

ಹುಡುಗನ ಬಾಯಿ ಮುಚ್ಚಿಲ್ಲ. ಅಕ್ಕೋರು ಬೋರ್ಡಿನ ಮೇಲೆ ಎರಡು ಇಸವಿ ಬರೆಯುತ್ತಾರೆ: ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ 2003, ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ 2020. ಸಿದ್ದಿಯೊಬ್ಬರು ಶಾಸನಸಭೆಯ ಮೆಟ್ಟಿಲು ಹತ್ತಲು ಎಷ್ಟೋ ತಲೆಮಾರು ಬೇಕಾಯಿತು.

ಬಾಗಿಲಲ್ಲಿ ಹುಡುಗಿಯ ಅಜ್ಜಿ ನಿಂತಿದ್ದಾಳೆ. ಇವತ್ತಿನ ಪಾಠಕ್ಕೆ ಅವಳನ್ನೂ ಕರೆಸಿದ್ದಾರೆ. ಬಗಲಿನ ಗಂಟು ಬಿಚ್ಚಿದ್ದೇ ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳೆಲ್ಲ ಕೂಡಿದ ಕೌದಿ ನೆಲದ ಮೇಲೆ ಹರಡುತ್ತದೆ. ಮಕ್ಕಳು ಸುತ್ತ ಬಗ್ಗುತ್ತಾರೆ. ನೀವೂ ಬಗ್ಗಿ ನೋಡಿ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೊಲಿದ 'ಫುಲ'.

"ಇದು ಯಾಕಜ್ಜಿ?" ಕೇಳಿದವನು ಅದೇ ಹುಡುಗ.

"ಫುಲ ಇಲ್ದಿದ್ರೆ ಕೌದಿ ಬತ್ತಲೆ. ಹಿಡಿ ಸೂಜಿ."

ಅವನ ಮೊದಲ ಹೊಲಿಗೆ ಸೊಟ್ಟ. ಹುಡುಗಿ ಬಿಚ್ಚಿ ಮತ್ತೆ ಹೊಲಿದು ತೋರಿಸುತ್ತಾಳೆ. ಈಗ ನಗುವ ಸರದಿ ಅವಳದು.

ಅಷ್ಟರಲ್ಲಿ ಹೆಡ್ ಮಾಸ್ತರರು ಇಣುಕುತ್ತಾರೆ. "ಅಜ್ಜೀ, ಗ್ಯಾದರಿಂಗಿಗೆ ನಿಮ್ಮ ಕೇರಿ ಹುಡುಗರನ್ನ ಡಮಾಮಿ ಕುಣಿಯೋಕೆ ಕಳಿಸಿ." ಸಿದ್ದಿ ಎಂದೊಡನೆ ಕುಣಿಸಿ, ಚಪ್ಪಾಳೆ ತಟ್ಟಿ, ಕಳಿಸಿಬಿಡುವುದು ನಮ್ಮ ಸಮಾರಂಭಗಳ ರೂಢಿ. ಮೆರವಣಿಗೆಗೆ ಬೇಕು, ಪಂಕ್ತಿಗೆ ಬೇಡ.

ಅಜ್ಜಿ ದಾರ ಕಚ್ಚಿ ಹರಿಯುತ್ತಾಳೆ. "ನಮ್ಮ ಹುಡುಗ್ರೇ ಎಂತಕ್ಕೆ ಕುಣೀಬೇಕು, ಮಾಸ್ತರೇ? ನಾ ನಾಳೆ ಡೋಲು ತರ್ತೇನೆ. ಇವ್ರೆಲ್ಲಾ ಕಲೀಲಿ."