ನಿಮ್ಮೂರಿನ ರುಚಿ

ಪುಣೆಗೆ ಬಂದು ಹದಿನಾಲ್ಕು ವರ್ಷ. ಊರಿನ ಯಾವ ತಿಂಡಿ ನೆನಪಾಗುತ್ತದೆ ಎಂದು ಯಾರಾದರೂ ಕೇಳಿದರೆ ಅಕ್ಕಿರೊಟ್ಟಿ ಎನ್ನಬೇಕು. ನನ್ನ ಬಾಯಿಗೆ ಬರುವುದು ಬಸ್ ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿಯ ಗೋಬಿ ಮಂಚೂರಿ. ಇಲ್ಲಿ ಅದಕ್ಕೆ ಬದಲಿ ಹಿಂಜವಡಿಯ ಚೈನೀಸ್ ಗಾಡಿ. ರಿಲೀಸ್ ಮುಗಿದ ಶುಕ್ರವಾರ ಟೀಮಿನ ಏಳೆಂಟು ಜನ ಹೋಗುತ್ತೇವೆ. ಟ್ರಿಪಲ್ ಶೇಜ್ವಾನ್ ಎಂದರೆ ಒಂದೇ ಆರ್ಡರಿನಲ್ಲಿ ಅನ್ನ, ನೂಡಲ್ಸ್, ಗ್ರೇವಿ, ಮೇಲೆ ಕರಿದ ನೂಡಲ್ಸ್. ಚೀನಾದವರು ಕಂಡರೆ ಗುರುತು ಹಿಡಿಯಲಾರರು. ಮಂಚೂರಿಯನ್ನೇ ನೋಡಿ: 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ್ಸನ್ ವಾಂಗ್ ಹಸಿಮೆಣಸು, ಬೆಳ್ಳುಳ್ಳಿ, ಶುಂಠಿಗೆ ಸೋಯಾ ಸಾಸ್ ಸುರಿದು ಮಾಡಿದ್ದು ಎನ್ನುತ್ತಾರೆ. ಆತ ಹುಟ್ಟಿದ್ದು ಕೋಲ್ಕತ್ತದಲ್ಲಿ.

ಆದರೆ ಗಾಡಿಯವನ ಕಣ್ಣಿಗೆ ನಮ್ಮಲ್ಲಿ ಒಬ್ಬಳೇ ‘ಚೈನೀಸ್’. ಇಂಫಾಲದ ಹುಡುಗಿ, ನಮ್ಮ ಟೆಸ್ಟಿಂಗ್ ಲೀಡ್. ಕಳೆದ ಸಲ ಅವಳ ಮುಂದೆ ತಟ್ಟೆಯಿಟ್ಟು, “ಮೇಡಂ, ನಿಮ್ಮೂರಿನ ರುಚಿ ಬಂದಿದೆಯಾ?” ಎಂದ. ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕಷ್ಟವಿರುವುದೇ ಅಲ್ಲಿ. ಎಲ್ಲರ ಮಾತೂ ನಿಂತಿತು.

“ಭಾಯ್, ಇದು ನಮ್ಮೂರಿನದು, ನನ್ನನ್ನು ಕೇಳು,” ಎಂದೆ. (ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು 2024ರಲ್ಲಿ ಕರ್ನಾಟಕ ಸರ್ಕಾರವೇ ಹೇಳಬೇಕಾಯಿತು ಎಂದರೆ ನಾವದನ್ನು ಎಷ್ಟು ತಿನ್ನುತ್ತೇವೆ, ಲೆಕ್ಕ ಹಾಕಿ!) ಅವನು ನಕ್ಕ. ಅವಳು ನಗಲಿಲ್ಲ.

“ನಮ್ಮೂರಿನದು ಇರೊಂಬಾ, ಸರ್. ಹುದುಗಿಸಿದ ಮೀನು ಹಾಕುತ್ತೇವೆ. ಪಿಜಿಯಲ್ಲಿ ಮಾಡಿದರೆ ವಾಸನೆ ಎಂದು ಓನರ್ ಜಗಳಕ್ಕೆ ಬರುತ್ತಾರೆ.”

ಮುಂದಿನ ಶುಕ್ರವಾರ ಗಾಡಿಗೆ ರಜೆ. ನಮ್ಮ ಮನೆಯ ಅಡುಗೆಮನೆ, ಅವಳ ಇರೊಂಬಾ. ಮೀನು ತಿನ್ನುವ ಐದು ಜನ ಆಗಲೇ ಹೆಸರು ಕೊಟ್ಟಿದ್ದಾರೆ.