ಎತಾಜಿಮಾದ ಲಂಗರು

ಹಿರೋಶಿಮಾ ನೋಡೋಕೆ ಹೋದವರಲ್ಲಿ ಕೆಲವರು ಹತ್ತಿರದ ಕುರೆ ಊರಿಗೂ ಹೋಗ್ತಾರೆ. ಅಲ್ಲಿನ ಮ್ಯೂಸಿಯಂನಲ್ಲಿ ಯಮಾಟೊ ಯುದ್ಧನೌಕೆಯ ಮಾದರಿ ಇದೆ. ಮೂಲದ ಹತ್ತನೇ ಒಂದು ಪಾಲು ಅಷ್ಟೇ, ಆದರೂ 26 ಮೀಟರ್ ಉದ್ದ! ಎಲ್ಲರ ಮೊಬೈಲೂ ಅದರ ಕಡೆಗೇ.

ಆಫೀಸ್ ಕೆಲಸದ ನಡುವೆ ಸಿಕ್ಕಿದ ಒಂದೇ ರಜೆಯಲ್ಲಿ ನಾನು ಕುರೆಯಿಂದ ಫೆರ್ರಿ ಹತ್ತಿ ಎದುರಿನ ಎತಾಜಿಮಾ ದ್ವೀಪಕ್ಕೆ ಹೋದೆ. ಸುಮಾರು 20 ನಿಮಿಷದ ದಾರಿ. ಅಲ್ಲಿನ ಹಳೆಯ ನೌಕಾ ಅಕಾಡೆಮಿ ಇವತ್ತಿಗೂ ತರಬೇತಿ ಕೇಂದ್ರ, ಹಾಗಾಗಿ ಗೈಡ್ ಹಿಂದೆಯೇ ನಡೀಬೇಕು. ಕೆಂಪು ಇಟ್ಟಿಗೆ ಕಟ್ಟಡ ದಾಟಿ ಮ್ಯೂಸಿಯಂ ಹತ್ತಿರ ಹೋದರೆ, ಹೊರಗೆ ಒಂದು ಲಂಗರು. ಯುಕಿಕಾಜೆಯದು.

ಯುಕಿಕಾಜೆ ಅಂದರೆ ಹಿಮಗಾಳಿ. 1940ರ ಜನವರಿಯಲ್ಲಿ ಸೇವೆಗೆ ಸೇರಿದ ಡಿಸ್ಟ್ರಾಯರ್. ಈ ವರ್ಗದ 19 ಹಡಗುಗಳಲ್ಲಿ ಯುದ್ಧ ಮುಗಿದಾಗ ಉಳಿದದ್ದು ಇದೊಂದೇ. ಮಿಡ್‌ವೇ, ಗ್ವಾಡಲ್‌ಕನಾಲ್, ಲೇಟೆ ಎಲ್ಲ ಕಡೆ ಹೋಗಿ ಬಂತು. ಅದಕ್ಕೇ 'ಅದೃಷ್ಟದ ಹಡಗು' ಅಂತ ಹೆಸರು.

ಆದರೆ ಯಾರ ಅದೃಷ್ಟ? 1944ರ ನವೆಂಬರ್‌ನಲ್ಲಿ ಶಿನಾನೊ ಎಂಬ ಹೊಸ ವಿಮಾನವಾಹಕ ನೌಕೆಯನ್ನು ಕುರೆಗೆ ತಲುಪಿಸಲು ಹೊರಟ ಮೂರು ಬೆಂಗಾವಲು ಹಡಗುಗಳಲ್ಲಿ ಇದೂ ಒಂದು. ಸೇವೆಗೆ ಸೇರಿ ಹತ್ತೇ ದಿನಕ್ಕೆ ಶಿನಾನೊ ಅಮೆರಿಕದ ಟಾರ್ಪಿಡೊಗಳಿಗೆ ಸಿಕ್ಕಿ ಮುಳುಗಿತು. 1945ರ ಏಪ್ರಿಲ್ 7ರಂದು ಯಮಾಟೊ ಸರದಿ. ಅದರ ಜೊತೆ ಸುಮಾರು ಮೂರು ಸಾವಿರ ಜನ ಹೋದರು. ಯುಕಿಕಾಜೆ ನೀರಲ್ಲಿದ್ದವರನ್ನು ಎತ್ತಿಕೊಂಡು ವಾಪಸ್ ಬಂತು. ಕೆಲವರು ಇದನ್ನು ಸಾವಿನ ದೇವರು ಅಂತಲೂ ಕರೆದರಂತೆ. ನನ್ನ ಶಿಫ್ಟಲ್ಲಿ ಸರ್ವರ್ ಬಿದ್ದರೇ ನನಗೆ ವಾರ ಪೂರ್ತಿ ನಿದ್ದೆ ಬರಲ್ಲ. ಕಾವಲಿಗೆ ನಿಂತು ಇಷ್ಟೆಲ್ಲ ನೋಡಿದ ಆ ನಾವಿಕರು ಹೇಗೆ ಮಲಗುತ್ತಿದ್ದರೋ.

ನನಗೆ ಇಷ್ಟವಾದದ್ದು ಆಮೇಲಿನ ಕತೆ. ಯುದ್ಧ ಮುಗಿದ ಮೇಲೆ ಫಿರಂಗಿಗಳನ್ನು ಬಿಚ್ಚಿ, ಹೊರದೇಶಗಳಲ್ಲಿ ಉಳಿದುಹೋಗಿದ್ದ ಜಪಾನೀಯರನ್ನು ಕರೆತರೋಕೆ ಇದನ್ನು ಕಳಿಸಿದರು. 1946ರ ಕೊನೆಯ ಹೊತ್ತಿಗೆ ಸುಮಾರು 13,000 ಜನರನ್ನು ಊರು ಸೇರಿಸಿತು. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡು, ಮುಂದೆ ದೊಡ್ಡ ಮಾಂಗಾ ಕಲಾವಿದರಾದ ಶಿಗೆರು ಮಿಜುಕಿ ರಬೌಲ್‌ನಿಂದ ಮರಳಿದ್ದೂ ಇದರಲ್ಲೇ.

1947ರಲ್ಲಿ ಹಡಗು ಯುದ್ಧ ಪರಿಹಾರವಾಗಿ ಚೀನಾ ಪಾಲಾಯಿತು. ದಾನ್‌ಯಾಂಗ್ ಎಂಬ ಹೊಸ ಹೆಸರು, ನಂತರ ತೈವಾನ್‌ನಲ್ಲಿ ಸೇವೆ. ಹಡಗನ್ನೇ ವಾಪಸ್ ಕೊಡಿ ಅಂತ ಜಪಾನಿನಲ್ಲಿ ಹಳೆಯ ಸಿಬ್ಬಂದಿ ಕೇಳುತ್ತಲೇ ಇದ್ದರು. ಕೊನೆಗೆ ಹಡಗು ಗುಜರಿಗೆ ಹೋಯಿತು. 1971ರಲ್ಲಿ ಮರಳಿದ್ದು ಈ ಲಂಗರು, ಒಂದು ಚುಕ್ಕಾಣಿ ಚಕ್ರ, ಅಷ್ಟೇ.

ಚಕ್ರ ಮ್ಯೂಸಿಯಂ ಒಳಗಿದೆ. ಫೋಟೊ ತೆಗೆಯೋ ಹಾಗಿಲ್ಲ. ಹೋಗೋರು ಗೈಡ್ ಟೂರಿನ ಸಮಯ ಮೊದಲೇ ನೋಡ್ಕೊಳ್ಳಿ.