ಗಂಟೆ ಕೇಳಿ ಗಡಿ ಕಂಡ ದಿನ

ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಇನ್ನೂ ನಸುಕು. ಉಪಗ್ರಹದ ಸಂಕೇತ ಹಿಡಿದು ನೆಲ ಅಳೆಯುವ ಹೊಸ ರೋವರ್ ಇದ್ದ ಪೆಟ್ಟಿಗೆಯನ್ನು ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತಿದ್ದೆ. ಇಪ್ಪತ್ತು ವರ್ಷ ಸರಪಳಿ ಎಳೆದ ಕೈಗೆ ಅದರ ಹಗುರವೇ ನಂಬಿಕೆ ಬಾರದಷ್ಟಿತ್ತು.

1799ರ ಏಪ್ರಿಲ್‌ನ ಒಂದು ರಾತ್ರಿ ಇದೇ ಸೀಮೆಯಲ್ಲಿ ಇಂಗ್ಲಿಷರ ತುಕಡಿಯೊಂದು ದಿಕ್ಕು ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿತ್ತು. ನಾವು ಹೋಗುತ್ತಿರುವುದು ದಕ್ಷಿಣಕ್ಕಲ್ಲ, ಉತ್ತರಕ್ಕೆ ಎಂದು ನಕ್ಷತ್ರ ನೋಡಿ ಹೇಳಿದವನು ವಿಲಿಯಂ ಲ್ಯಾಂಬ್ಟನ್. ಮರುವರ್ಷ ಆತ ಬೆಂಗಳೂರಿನ ಹತ್ತಿರ ಸರಪಳಿ ಹಾಸಿ ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು ಅಳೆದ. ಮುಂದೆ ಇಡೀ ದೇಶವನ್ನು ತ್ರಿಕೋನಗಳಲ್ಲಿ ಹಿಡಿದ ಮಹಾಸರ್ವೆಗೆ ನಾಂದಿಯಾದವನು ಅವನೇ. ಅವನ ಥಿಯೋಡೊಲೈಟ್ ಅರ್ಧ ಟನ್ ತೂಗುತ್ತಿತ್ತು. ಆಕಾಶ ನೋಡಿ ನಿಂತ ನೆಲ ತಿಳಿಯುವ ಅದೇ ವಿದ್ಯೆ ಈಗ ನನ್ನ ತೊಡೆಯ ಮೇಲಿತ್ತು.

ಅಳೆಯಬೇಕಿದ್ದ ಹೊಲದಲ್ಲಿ ಅದರ ಒಡೆಯ ಅಜ್ಜ ಕಾಯುತ್ತಿದ್ದರು. ನಾಲ್ಕು ಬಾಂದು ಕಲ್ಲುಗಳಲ್ಲಿ ಒಂದು ಕಾಣೆಯಾಗಿತ್ತು. ಅದರಿಂದಾಗಿ ಪಕ್ಕದ ಹೊಲದವರೊಂದಿಗೆ ಮಾತು ನಿಂತು ವರ್ಷಗಳಾಗಿದ್ದವು. ಬಯಲಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಬೇಸ್ ಕೂರಿಸಿ, ಕೋಲಿನ ತುದಿಗೆ ರೋವರ್ ಸಿಕ್ಕಿಸಿದೆ. ಅಜ್ಜ ಕತ್ತೆತ್ತಿ ಕೇಳಿದರು: "ಸ್ವಾಮಿ, ಆ ಉಪಗ್ರಹ ಮ್ಯಾಲಿಂದ ನಮ್ ಹೊಲ ನೋಡ್ತದಾ?"

"ನೋಡಲ್ಲ ಅಜ್ಜ. ಗಂಟೆ ಎಷ್ಟು, ತಾನೆಲ್ಲಿದ್ದೀನಿ ಅಂತ ಹೇಳ್ತದೆ, ಅಷ್ಟೆ."

ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು. 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹ ತನ್ನ ಪರಮಾಣು ಗಡಿಯಾರದ ಹೊತ್ತನ್ನು ಸಾರುತ್ತಲೇ ಇರುತ್ತದೆ. ಆ ಮಾತು ನೆಲ ಮುಟ್ಟಲು ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲು ಸಾಕು. ಮೇಲಿನ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನ್ ಹೇಳಿದ ಲೆಕ್ಕದಂತೆ ಅದನ್ನು ಮೊದಲೇ ಸರಿಪಡಿಸಿಟ್ಟಿರುತ್ತಾರೆ. ಇಲ್ಲದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್ ತಪ್ಪು. ಹೊತ್ತು ಕೇಳಿ ಜಾಗ ತಿಳಿಯುವುದೆಂದರೆ ಇದು! ಉಳಿಯುವ ಅಲ್ಪಸ್ವಲ್ಪ ತಪ್ಪಿನ ತಿದ್ದುಪಡಿಯನ್ನು ಒಂದೇ ಕಡೆ ನಿಂತ ಬೇಸ್ ಕ್ಷಣಕ್ಷಣವೂ ರೋವರ್‌ಗೆ ಕಳಿಸುತ್ತದೆ.

ಸಿಕ್ಕ ಮೂರು ಕಲ್ಲುಗಳನ್ನು ಅಳೆದೆವು. ಹಳೆಯ ಮೋಜಣಿ ಟಿಪ್ಪಣಿಯಲ್ಲಿ ಅಳತೆಯೆಲ್ಲ ಸರಪಳಿ, ಆಣೆಗಳಲ್ಲಿ. 33 ಅಡಿಯ ಸರಪಳಿಗೆ 16 ಆಣೆ. ಒಂದು ಆಣೆಗೆ ಸುಮಾರು 63 ಸೆಂಟಿಮೀಟರ್. ಅದನ್ನೆಲ್ಲ ಮೀಟರಿಗೆ ತಂದು ಸಾಫ್ಟ್‌ವೇರ್‌ಗೆ ತುಂಬಿ, ಟಿಪ್ಪಣಿಯ ನಕ್ಷೆಯನ್ನು ಮೂರು ಕಲ್ಲುಗಳಿಗೆ ಹೊಂದಿಸಿದಾಗ ನಾಲ್ಕನೆಯದರ ಜಾಗ ಪರದೆಯ ಮೇಲೆ ಮೂಡಿತು. ಬಾಣದ ಗುರುತು ತೋರಿದ ಕಡೆ ನಡೆದೆ. ಅದು ಹೋಗಿ ನಿಂತಿದ್ದು ತೆಂಗಿನ ಮರಗಳ ಅಡಿಯಲ್ಲಿ.

ಅಲ್ಲಿ ಖಚಿತ ಜಾಗ ಸೂಚಿಸುವ 'ಫಿಕ್ಸ್' ಹೋಗಿ ಅಂದಾಜಿನ 'ಫ್ಲೋಟ್' ಬಂತು. ಎರಡು ಸೆಂಟಿಮೀಟರ್ ಇದ್ದ ಸಂಶಯ ಅರ್ಧ ಮೀಟರಾಯಿತು. ಗರಿಗಳ ನಡುವೆ ನುಸುಳುವ ಸಂಕೇತ ಕಾಂಡಕ್ಕೆ ಬಡಿದು ಸುತ್ತು ಹಾಕಿ ಬಂದರೆ ದೂರದ ಲೆಕ್ಕವೇ ಕೆಡುತ್ತದೆ. ಇಂಥಲ್ಲಿ ಅಂಕಿ ಬಂತೆಂದು ಬರೆದುಕೊಂಡು ಹೋಗುವುದು ದೊಡ್ಡ ಅನ್ಯಾಯ ಎಂದು ನನ್ನ ಗಟ್ಟಿ ನಂಬಿಕೆ; ಅದು ಒಬ್ಬರ ಅನ್ನದ ಅಂಚು. ಬಯಲಿಗೆ ಬಂದು ಎರಡು ಕಡೆ ಫಿಕ್ಸ್ ಹಿಡಿದು ಗೂಟ ಹೊಡೆದೆ. ಎರಡರಿಂದಲೂ ಲೆಕ್ಕದ ದೂರಕ್ಕೆ ಟೇಪು ಎಳೆದೆವು. ಟೇಪುಗಳು ಕೂಡಿದ ಕಡೆ ಅಜ್ಜನ ಮೊಮ್ಮಗ ಹಾರೆ ಹಾಕಿದ.

ಮೊಳದಷ್ಟು ಆಳದಲ್ಲಿ ಟಣ್ ಎಂದಿತು. ಬೇರುಗಳು ಬಿಗಿಯಾಗಿ ತಬ್ಬಿದ್ದ ಕಲ್ಲು. ಅಜ್ಜ ಮಂಡಿಯೂರಿ ಹೆಬ್ಬೆರಳಲ್ಲಿ ಮಣ್ಣು ಒರೆಸಿದರು. ನೆತ್ತಿಯಲ್ಲಿ ಕೊರೆದ ಅಡ್ಡಗೆರೆ, ಅದರೊಳಗೆ ಒದ್ದೆ ಕೆಮ್ಮಣ್ಣು. ನಾವು ಗುರುತಿಟ್ಟ ಜಾಗದಿಂದ ಒಂದು ಗೇಣು ಆಚೆ, ಅಷ್ಟೆ.

ಅಷ್ಟು ಹೊತ್ತು ಆಕಾಶದ ಬೆರಗಿನಲ್ಲಿದ್ದ ನಾನು ಆಗ ನೆಲ ನೋಡಿದೆ. ಹೆಸರೂ ಉಳಿಯದ ಯಾವನೋ ಮೋಜಣಿದಾರ ಬಿಸಿಲಲ್ಲಿ ಕಬ್ಬಿಣದ ಕೊಂಡಿಗಳನ್ನು ಎಳೆದು, ಆಣೆ ಎಣಿಸಿ, ಬರೆದಿಟ್ಟು ಹೋಗಿದ್ದ. ಅಷ್ಟೂ ಉಪಗ್ರಹಗಳು ಸೇರಿ ಅವನ ಮಾತು ನಿಜ ಎಂದವು.

"ಒಂದ್ಸಲ ನಾನ್ ಹಿಡೀಲಾ ಸ್ವಾಮಿ?" ಅಜ್ಜ ಬಯಲಿನ ಗೂಟದ ಬಳಿ ಹೋಗಿ ಎರಡೂ ಕೈಯಲ್ಲಿ ಕೋಲು ಹಿಡಿದರು. ನೀರಿನ ಗುಳ್ಳೆ ನಡುವಿಗೆ ಬರುವವರೆಗೂ ಉಸಿರು ಬಿಗಿಹಿಡಿದು ನಿಂತರು. ಫಿಕ್ಸ್ ಬಂತು. ಪಾಯಿಂಟಿನ ಹೆಸರು ಕೇಳಿದ ಜಾಗದಲ್ಲಿ 'ಅಜ್ಜ' ಎಂದು ಬರೆದು ಉಳಿಸಿದೆ.